ಹೆಗಲು ಕೊಡುವವರ ಹೆಗಲು

ಕನ್ನಡದಲ್ಲಿ ಹೆಗಲಿನ ಮೇಲೆ ಹೊರಿಸದ ಭಾರವಿಲ್ಲ. ಹೊಣೆ ಹೆಗಲೇರುತ್ತದೆ. ಕಷ್ಟ ಬಂದಾಗ ನೆರೆಯವರು ಹೆಗಲು ಕೊಡುತ್ತಾರೆ. ಮಗ ಅಪ್ಪನ ಹೆಗಲೆತ್ತರಕ್ಕೆ ಬೆಳೆದ ಎನ್ನುವಲ್ಲಿ ಸಂತೋಷವೂ ಇದೆ, ಇನ್ನು ಇವನು ದುಡಿಯಬಹುದು ಎಂಬ ಲೆಕ್ಕಾಚಾರವೂ ಇದೆ. ಕೂಲಿ ಮಾಡಿ ಬದುಕುವವರಿಗೆ ಇವೆಲ್ಲ ಬರೀ ನುಡಿಗಟ್ಟುಗಳಲ್ಲ. ಅವರ ಹೆಗಲು ಕೆಟ್ಟರೆ ಆ ದಿನದ ಸಂಬಳ ಕೆಟ್ಟಿತು ಎಂದೇ ಅರ್ಥ. ಆದರೂ ಕ್ಯಾನ್ಸರ್‌ ಎಂಬ ಮಾತು ಬಂದಾಗ ಹೆಗಲಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಜೀವ ಉಳಿಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯ ಮುಂದೆ ಉಳಿದ ಅಂಗಗಳೆಲ್ಲ ಸಣ್ಣವಾಗಿ ಕಾಣುತ್ತವೆ. ಜೀವ ಉಳಿದ ಮೇಲೆ ಆ ಸಣ್ಣ ಸಂಗತಿಗಳೇ ಒಂದೊಂದಾಗಿ ದೊಡ್ಡದಾಗುತ್ತವೆ. ನಮ್ಮ ಮನೆಯಲ್ಲಿ ಹಾಗೇ ಆಯಿತು.

ನಾವು ಹಾರಂಗಿಯವರು. ಕುಶಾಲನಗರದಿಂದ ಹತ್ತು ಕಿಲೋಮೀಟರಿನೊಳಗೆ, ಹುದುಗೂರಿನ ಬಳಿ ಕಟ್ಟಿರುವ ಅಣೆಕಟ್ಟಿನ ಆಸುಪಾಸಿನಲ್ಲಿ ನಮ್ಮ ಮನೆಗಳಿವೆ. 1982ರಲ್ಲಿ ಪೂರ್ಣಗೊಂಡ ಈ ಜಲಾಶಯದಲ್ಲಿ ಎಂಟೂವರೆ ಟಿಎಂಸಿ ನೀರು ನಿಲ್ಲುತ್ತದೆ. ಇಲ್ಲಿಂದ ಮೇಲೆ ಹೋದರೆ ಕಾಫಿ ತೋಟಗಳು, ಕೆಳಗೆ ಇಳಿದರೆ ಕಾಲುವೆಯ ಗದ್ದೆಗಳು, ಕಾವೇರಿ ಸೇತುವೆ ದಾಟಿದರೆ ಪಿರಿಯಾಪಟ್ಟಣ ಸೀಮೆಯ ಹೊಗೆಸೊಪ್ಪಿನ ಹೊಲಗಳು. ನಮ್ಮ ಮನೆಯ ಗಂಡಸರದ್ದು ಕರಿಮೆಣಸು ಕೊಯ್ಯುವ ಕೆಲಸ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಗೆ ಏಣಿ ಒರಗಿಸಿ, ಒಂದು ಕೈಯಲ್ಲಿ ಮರ ಹಿಡಿದು, ಇನ್ನೊಂದು ಕೈಯನ್ನು ತಲೆಯ ಮೇಲಕ್ಕೆ ಚಾಚಿ ಗೊಂಚಲು ಕೀಳಬೇಕು. ದಿನಕ್ಕೆ ಏಳೆಂಟು ಗಂಟೆ ಕೈ ಮೇಲೆಯೇ ಇರುತ್ತದೆ.

ನಮ್ಮ ದೊಡ್ಡಣ್ಣ ಮೂವತ್ತು ವರ್ಷ ಹೀಗೆ ಏಣಿ ಹತ್ತಿದವರು. ಏಣಿಯ ಮೇಲೆ ಬೀಡಿ ಸೇದಲು ಆಗುವುದಿಲ್ಲ. ಹಾಗಾಗಿ ಕೆನ್ನೆಯೊಳಗೆ ಅಡಿಕೆ, ಸುಣ್ಣ, ಹೊಗೆಸೊಪ್ಪು ಇಟ್ಟುಕೊಳ್ಳುವುದು ತೋಟದ ಕೆಲಸದವರ ರೂಢಿ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಆಮೇಲೆ ಅಂಗಡಿಗಳಲ್ಲಿ ಅಡಿಕೆಪುಡಿಯ ಪೊಟ್ಟಣ ಬೇರೆ, ಹೊಗೆಸೊಪ್ಪಿನ ಪೊಟ್ಟಣ ಬೇರೆಯಾಗಿ ಬಂದವು. ಬೆರೆಸುವ ಕೆಲಸ ತಿನ್ನುವವನ ಅಂಗೈಗೆ ವರ್ಗವಾಯಿತು, ಅಷ್ಟೇ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೆ ಪರವಾಗಿಲ್ಲ ಎಂದು ನಂಬುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅಡಿಕೆಯೊಂದೇ ಸಾಕು ಕ್ಯಾನ್ಸರ್ ತರಲು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2003ರಲ್ಲೇ ತೀರ್ಮಾನಿಸಿದ್ದಾರೆ. ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ಯಾರ ಕಿವಿಗೂ ಹಿತವಲ್ಲ.

2022ರ ಮಳೆಗಾಲದಲ್ಲಿ ಅಣ್ಣನ ನಾಲಿಗೆಯ ಬಲ ಅಂಚಿನಲ್ಲಿ ಒಂದು ಹುಣ್ಣು ಕಾಣಿಸಿಕೊಂಡಿತು. ಅಕ್ಟೋಬರಿನಲ್ಲಿ ಆಪರೇಷನ್ ಆಯಿತು. ನಾಲಿಗೆಯ ಆ ಭಾಗವನ್ನು ತೆಗೆದರು. ಜೊತೆಗೆ ಬಲಗಡೆಯ ಕತ್ತನ್ನು ಕಿವಿಯ ಕೆಳಗಿನಿಂದ ಬಿಡಿಸಿ ಅಲ್ಲಿನ ದುಗ್ಧಗ್ರಂಥಿಗಳನ್ನೂ ತೆಗೆದರು. ರೋಗ ನಾಲಿಗೆಯಲ್ಲಿರುವಾಗ ಕತ್ತನ್ನೇಕೆ ಕೊಯ್ಯುತ್ತಾರೆ ಎಂದು ನಮ್ಮ ಅತ್ತಿಗೆ ಕೇಳಿದ್ದರು. ಇದು ಎಲ್ಲ ಮನೆಯವರೂ ಕೇಳುವ ಪ್ರಶ್ನೆ. ಬಾಯಿಯ ಕ್ಯಾನ್ಸರ್ ಮೊದಲು ಹೊರಡುವ ದಾರಿ ಕತ್ತಿನ ಗ್ರಂಥಿಗಳದ್ದೇ. ಆರಂಭದ ಹಂತದಲ್ಲಿ ಆ ಗ್ರಂಥಿಗಳನ್ನು ಮುಂಚಿತವಾಗಿಯೇ ತೆಗೆಯಬೇಕೇ, ಅಥವಾ ಗಡ್ಡೆ ಕಾಣಿಸಿದ ಮೇಲೆ ತೆಗೆದರೆ ಸಾಕೇ ಎಂಬ ಬಗ್ಗೆ ವೈದ್ಯರಲ್ಲಿ ಬಹುಕಾಲ ಒಮ್ಮತವಿರಲಿಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲೇ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಿಂದ ಹತ್ತು ವರ್ಷ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮುಂಚಿತವಾಗಿ ಕತ್ತಿನ ಆಪರೇಷನ್ ಮಾಡಿಸಿಕೊಂಡವರಲ್ಲಿ ಮೂರು ವರ್ಷದ ನಂತರ ನೂರಕ್ಕೆ 80 ಮಂದಿ ಬದುಕಿದ್ದರು. ಕಾದು ನೋಡಿದವರಲ್ಲಿ 67.5 ಮಂದಿ. ಕತ್ತಿನ ಮೇಲಿನ ಆ ಗಾಯ ಜೀವ ಉಳಿಸಿದ ಗಾಯ. ಈ ಮಾತನ್ನು ಮೊದಲು ಹೇಳಿಯೇ ಮುಂದಿನದ್ದನ್ನು ಹೇಳಬೇಕು.

ಮನೆಗೆ ಕಳಿಸುವಾಗ ಆಸ್ಪತ್ರೆಯಲ್ಲಿ ಬಹಳ ವಿಷಯ ಹೇಳಿದರು. ಮೂಗಿನ ನಳಿಗೆಯಲ್ಲಿ ಗಂಜಿ ಹಾಕುವುದು ಹೇಗೆ, ಬಾಯಿ ತೊಳೆಯುವುದು ಹೇಗೆ, ಹೊಲಿಗೆ ಬಿಚ್ಚುವುದು ಯಾವಾಗ, ರೇಡಿಯೇಷನ್‌ಗೆ ಬರುವುದು ಯಾವಾಗ ಎಂದೆಲ್ಲ. ಹೆಗಲಿನ ಬಗ್ಗೆ ಒಂದು ಮಾತೂ ಬರಲಿಲ್ಲ. ನಂತರ ಮೂವತ್ತು ದಿನ ರೇಡಿಯೇಷನ್. 2023ರ ಜನವರಿಯ ಕೊನೆಯಲ್ಲಿ ಅದು ಮುಗಿದಾಗ ಬಾಯಿಯ ಉರಿ, ಒಣಗಿದ ಗಂಟಲು, ರುಚಿಯಿಲ್ಲದ ಊಟ ಇವುಗಳ ನಡುವೆ ಬಲ ಹೆಗಲು ನೋಯುತ್ತದೆ ಎಂದು ಅಣ್ಣ ಹೇಳಿದ್ದು ಯಾರಿಗೂ ದೊಡ್ಡದಾಗಿ ಕೇಳಿಸಲಿಲ್ಲ.

ಅಂಗಿ ಹಾಕುವಾಗ ಮೊದಲು ಗೊತ್ತಾಯಿತು. ಬಲಗೈ ತೋಳಿಗೆ ಹೋಗುತ್ತಿರಲಿಲ್ಲ. ಮುಂದಕ್ಕೆ ಕೈಚಾಚಬಹುದು. ಪಕ್ಕದಿಂದ ಮೇಲೆತ್ತಿದರೆ ಹೆಗಲಿನ ಮಟ್ಟದಲ್ಲೇ ನಿಂತುಬಿಡುತ್ತಿತ್ತು. ಕನ್ನಡಿಯ ಮುಂದೆ ನಿಂತರೆ ಬಲ ಹೆಗಲು ಎಡದ್ದಕ್ಕಿಂತ ಎರಡು ಬೆರಳು ಕೆಳಗೆ. ಬೆನ್ನಿನ ರೆಕ್ಕೆಮೂಳೆ ಒಂದು ಕಡೆ ಎದ್ದುಕೊಂಡಿತ್ತು. ರಾತ್ರಿ ಆ ಮಗ್ಗುಲಿಗೆ ಮಲಗಲಾಗುತ್ತಿರಲಿಲ್ಲ. ಅಣ್ಣ ಹಲವು ವಾರ ಯಾರಿಗೂ ಪೂರ್ತಿ ಹೇಳಲಿಲ್ಲ. ಕಾರಣ ಆಮೇಲೆ ತಿಳಿಯಿತು. ರೋಗ ನಾಲಿಗೆಯಿಂದ ಹೆಗಲಿಗೆ ಇಳಿದಿದೆ ಎಂದು ಅವರು ಒಳಗೊಳಗೇ ತೀರ್ಮಾನಿಸಿಕೊಂಡಿದ್ದರು. ಅತ್ತಿಗೆಗೂ ಅದೇ ಅನುಮಾನ. ಇಬ್ಬರೂ ಒಬ್ಬರಿಂದೊಬ್ಬರು ಅದನ್ನು ಮುಚ್ಚಿಟ್ಟುಕೊಂಡು ಒಂದೇ ಮನೆಯಲ್ಲಿ ಬದುಕಿದರು. ಒಂದು ವಾಕ್ಯದಲ್ಲಿ ಮುಗಿಯಬೇಕಾಗಿದ್ದ ಭಯ ಎರಡು ತಿಂಗಳು ಮನೆಯನ್ನು ತಿಂದಿತು.

ಈ ನಡುವೆ ಸಲಹೆಗಳಿಗೆ ಕೊರತೆಯಿರಲಿಲ್ಲ. ಎಣ್ಣೆ ಹಾಕಿ ಎಳೆಸಿ ಎಂದರು. ಕೈಗೆ ಪಟ್ಟಿ ಕಟ್ಟಿ ಅಲ್ಲಾಡಿಸಬೇಡಿ ಎಂದರು. ಇವೆರಡೂ ಎಷ್ಟು ಕೆಟ್ಟ ಸಲಹೆಗಳು ಎಂಬುದು ಕುಶಾಲನಗರದಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿಯೊಬ್ಬಳು ವಿವರಿಸಿದ ಮೇಲೆ ತಿಳಿಯಿತು. ತಪಾಸಣೆಗೆ ಹೋದಾಗ ವೈದ್ಯರು ಪರೀಕ್ಷಿಸಿ, ಇದು ರೋಗವಲ್ಲ, ನರದ ಸಮಸ್ಯೆ, ವ್ಯಾಯಾಮ ಮಾಡಿಸಿ ಎಂದಿದ್ದರು. ಯಾವ ವ್ಯಾಯಾಮ, ಎಷ್ಟು ದಿನ ಎಂಬುದನ್ನು ಕಲಿತದ್ದು ಅವಳಿಂದ.

ಅವಳು ಅಣ್ಣನ ಕಸುಬು ಕೇಳಿ ತಿಳಿದುಕೊಂಡು ಹೀಗೆ ಹೇಳಿದಳು. ಮೆದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಹನ್ನೊಂದನೆಯದು ಕತ್ತಿನ ಪಕ್ಕದಲ್ಲಿ ಇಳಿದು ಟ್ರಪೀಜಿಯಸ್ ಎಂಬ ಸ್ನಾಯುವಿಗೆ ಹೋಗುತ್ತದೆ. ಕತ್ತಿನಿಂದ ಹೆಗಲಿಗೂ ಬೆನ್ನಿನ ನಡುವಿಗೂ ಹಾಸಿಕೊಂಡಿರುವ ಅಗಲ ಸ್ನಾಯು ಅದು. ಕೈಯನ್ನು ಪೂರ್ತಿ ಮೇಲೆತ್ತಿದಾಗ 180 ಡಿಗ್ರಿ ಆಯಿತು ಎಂದುಕೊಂಡರೆ ಅದರಲ್ಲಿ ಸುಮಾರು 120 ಮಾತ್ರ ಹೆಗಲಿನ ಕೀಲಿನದ್ದು. ಉಳಿದ 60 ಬರುವುದು ಬೆನ್ನಿನ ರೆಕ್ಕೆಮೂಳೆ ತಿರುಗುವುದರಿಂದ. ಆ ಮೂಳೆಯನ್ನು ಹಿಡಿದು ತಿರುಗಿಸುವ ಮುಖ್ಯ ಕೆಲಸಗಾರ ಈ ಟ್ರಪೀಜಿಯಸ್. 'ಏಣಿ ಹತ್ತುವವನು ಒಬ್ಬ, ಬುಡ ಹಿಡಿಯುವವನು ಒಬ್ಬ ಅಲ್ಲವೇ? ನಿಮ್ಮ ಏಣಿಯ ಬುಡ ಹಿಡಿಯುವವನು ರಜೆಯಲ್ಲಿದ್ದಾನೆ' ಎಂದಳು. ಅಣ್ಣನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವರು ಆ ಸ್ನಾಯುವನ್ನು 'ಬುಡ ಹಿಡಿಯುವವನು' ಎಂದೇ ಕರೆಯುತ್ತಾರೆ.

ನರವನ್ನು ಕತ್ತರಿಸಿದ್ದಾರೆಯೇ ಎಂದು ಕೇಳಿದೆವು. ಡಿಸ್ಚಾರ್ಜ್ ಚೀಟಿ ಓದಿ, ಇಲ್ಲ, ಉಳಿಸಿದ್ದಾರೆ ಎಂದಳು. ಇದರ ಹಿಂದೆ ಒಂದು ಚರಿತ್ರೆಯೇ ಇದೆ. 1906ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಜಾರ್ಜ್ ಕ್ರೈಲ್ ಎಂಬ ಶಸ್ತ್ರವೈದ್ಯರು 132 ಆಪರೇಷನ್‌ಗಳ ಅನುಭವದ ಮೇಲೆ ಕತ್ತಿನ ಗ್ರಂಥಿಗಳನ್ನು ಒಟ್ಟಾಗಿ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಅದರಿಂದ ಬೆಳೆದು ಬಂದ ಪೂರ್ಣ ಪ್ರಮಾಣದ ಆಪರೇಷನ್‌ನಲ್ಲಿ ಗ್ರಂಥಿಗಳ ಜೊತೆ ಕತ್ತಿನ ದೊಡ್ಡ ಸ್ನಾಯು, ದೊಡ್ಡ ರಕ್ತನಾಳ, ಈ ಹನ್ನೊಂದನೆಯ ನರ ಎಲ್ಲವೂ ಹೋಗುತ್ತಿದ್ದವು. ರೋಗಿ ಬದುಕುತ್ತಿದ್ದ, ಹೆಗಲು ಇಳಿಯುತ್ತಿತ್ತು. ಹೆಗಲಿನ ಈ ನೋವು ಮತ್ತು ಬಲಹೀನತೆಗೆ ವೈದ್ಯಶಾಸ್ತ್ರ ಒಂದು ಹೆಸರು ಕೊಟ್ಟು ವಿವರಿಸಿದ್ದು 1961ರಲ್ಲಿ, ಅಂದರೆ ಅರ್ಧ ಶತಮಾನ ಕಳೆದ ಮೇಲೆ. 1963ರಲ್ಲಿ ಅರ್ಜೆಂಟೀನಾದ ಓಸ್ವಾಲ್ಡೋ ಸುವಾರೆಸ್ ಈ ಮೂರನ್ನೂ ಉಳಿಸಿಕೊಂಡು ಗ್ರಂಥಿಗಳನ್ನಷ್ಟೇ ತೆಗೆಯುವ ವಿಧಾನವನ್ನು ಬರೆದಿಟ್ಟರು. ಇಂದು ಸಾಧ್ಯವಿರುವಲ್ಲೆಲ್ಲ ನರವನ್ನು ಉಳಿಸುತ್ತಾರೆ. ಆದರೆ ಉಳಿಸಿದ ನರವೂ ಆಪರೇಷನ್‌ನಲ್ಲಿ ಎಳೆತಕ್ಕೆ ಸಿಕ್ಕಿ, ರಕ್ತ ಸರಬರಾಜು ಕಡಿಮೆಯಾಗಿ ಕೆಲಸ ನಿಲ್ಲಿಸಬಹುದು. ಪೆಟ್ಟುಬಿದ್ದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ತಿಂಗಳಿಗೆ ಒಂದು ಇಂಚು. ಚೇತರಿಕೆಗೆ ಆರು ತಿಂಗಳಿಂದ ವರ್ಷದವರೆಗೂ ಹಿಡಿಯುವುದುಂಟು.

ಹಾಗಾದರೆ ಕಾಯುತ್ತ ಕುಳಿತರೆ ಸಾಲದೇ? ಸಾಲದು. ನರ ಬರುವಷ್ಟರಲ್ಲಿ ಅಲ್ಲಾಡದ ಕೀಲು ಬಿಗಿದುಕೊಂಡಿರುತ್ತದೆ. ಬುಡ ಹಿಡಿಯುವವನು ರಜೆ ಮುಗಿಸಿ ಬಂದಾಗ ಏಣಿಯೇ ತುಕ್ಕು ಹಿಡಿದಿದ್ದರೆ ಏನು ಪ್ರಯೋಜನ? ಆದ್ದರಿಂದ ಮೊದಲ ಕೆಲಸ ಕೀಲನ್ನು ಸಡಿಲವಾಗಿ ಇಡುವುದು. ಎರಡನೆಯದು ರೆಕ್ಕೆಮೂಳೆಯನ್ನು ಹಿಡಿಯುವ ಉಳಿದ ಸ್ನಾಯುಗಳಿಗೆ ಹೆಚ್ಚಿನ ಕೆಲಸ ಕಲಿಸುವುದು. ಮೂರನೆಯದು ಇಳಿದ ಹೆಗಲು ಇನ್ನಷ್ಟು ಇಳಿಯದಂತೆ ನೋಡಿಕೊಳ್ಳುವುದು. ಕೂತಾಗ ಕೈ ಕೆಳಗೆ ದಿಂಬು, ನಿಂತಾಗ ಕೈಯನ್ನು ಜೇಬಿಗೆ ಅಥವಾ ಸೊಂಟಕ್ಕೆ ಒರಗಿಸುವುದು, ಆ ಹೆಗಲಿಗೆ ಚೀಲ ನೇತುಹಾಕದಿರುವುದು, ಆ ಕೈಯಲ್ಲಿ ತುಂಬಿದ ಕೊಡ ಎತ್ತದಿರುವುದು. ಯಾರಾದರೂ ಕೈಹಿಡಿದು ಬಲವಾಗಿ ಎಳೆಯುವುದಂತೂ ಕೂಡದು.

ಅವಳು ಹೇಳಿಕೊಟ್ಟ ವ್ಯಾಯಾಮಗಳಿಗೆ ಯಾವ ಯಂತ್ರವೂ ಬೇಕಾಗಲಿಲ್ಲ. ಹಳೆಯ ಬಾವಿಯ ರಾಟೆಯನ್ನು ಜಗಲಿಯ ತೊಲೆಗೆ ಕಟ್ಟಿದೆವು. ಹಗ್ಗದ ಎರಡು ತುದಿ ಎರಡು ಕೈಯಲ್ಲಿ. ಒಳ್ಳೆಯ ಕೈ ಕೆಳಗೆ ಎಳೆದಾಗ ನೋವಿನ ಕೈ ತಾನಾಗಿ ಮೇಲೇರುತ್ತದೆ. ಅಂಗಾತ ಮಲಗಿ ಎರಡು ಕೈಯಲ್ಲೂ ಕೋಲು ಹಿಡಿದು ತಲೆಯ ಹಿಂದಕ್ಕೆ ಒಯ್ಯುವುದು ಇನ್ನೊಂದು. ನೇರವಾಗಿ ಕುಳಿತು ಎರಡೂ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಒತ್ತಿ ಐದು ಎಣಿಸುವುದು ಮತ್ತೊಂದು. ಕತ್ತನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸುವುದು. ಗೋಡೆಯ ಮುಂದೆ ನಿಂತು ಬೆರಳುಗಳನ್ನು ಜೇಡದಂತೆ ಮೇಲಕ್ಕೆ ನಡೆಸುವುದು. ಪ್ರತಿಯೊಂದೂ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕೆಲವು ತಿಂಗಳ ನಂತರ ಸೈಕಲ್ ಟ್ಯೂಬಿನ ಪಟ್ಟಿ ಎಳೆಯುವುದು, ಅರ್ಧ ಲೀಟರ್ ನೀರಿನ ಬಾಟಲಿ ಎತ್ತುವುದು ಬಂತು. ಹೀಗೆ ಭಾರವನ್ನು ಮೆಲ್ಲಗೆ ಹೆಚ್ಚಿಸುತ್ತ ಹೋಗುವುದರಿಂದ ನೋವೂ ಅಶಕ್ತತೆಯೂ ತಗ್ಗುತ್ತವೆ ಎಂದು ಕೆನಡಾದಲ್ಲಿ ಮಾರ್ಗರೆಟ್ ಮೆಕ್‌ನೀಲಿ ಮತ್ತವರ ತಂಡ 52 ರೋಗಿಗಳ ಮೇಲೆ ಹನ್ನೆರಡು ವಾರ ನಡೆಸಿದ ಅಧ್ಯಯನದಲ್ಲಿ ಕಂಡು 2008ರಲ್ಲಿ ಪ್ರಕಟಿಸಿದ್ದಾರೆ.

ಗೋಡೆಯ ಮೇಲೆ ಅಣ್ಣನ ಮಗಳು ಪೆನ್ಸಿಲ್‌ನಲ್ಲಿ ಗೆರೆ ಹಾಕತೊಡಗಿದಳು. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ದಿನವೂ ಹಾರಂಗಿಯ ನೀರಿನ ಮಟ್ಟ ಬರುತ್ತದೆ. ಗರಿಷ್ಠ 2859 ಅಡಿ, ಇಂದಿನ ಮಟ್ಟ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಅವಳೂ ಗೋಡೆಯ ಮೇಲೆ ಎಡಗೈ ಮುಟ್ಟುವ ಜಾಗಕ್ಕೆ 'ಗರಿಷ್ಠ' ಎಂದು ಬರೆದು, ಬಲಗೈ ಮುಟ್ಟಿದಲ್ಲಿ ತಾರೀಕು ಹಾಕುತ್ತಿದ್ದಳು. ಕೆಲವು ವಾರ ಗೆರೆ ಏರುತ್ತಿರಲಿಲ್ಲ. ಕೆಲವು ಸಲ ಇಳಿಯುತ್ತಿತ್ತು. ರೇಡಿಯೇಷನ್ ಪಡೆದ ಕತ್ತಿನ ಚರ್ಮ ತಿಂಗಳುಗಳ ನಂತರವೂ ಬಿಗಿಯುತ್ತಲೇ ಇರುತ್ತದೆ. ಅದಕ್ಕೇ ವ್ಯಾಯಾಮಕ್ಕೆ ಕೊನೆಯ ತಾರೀಕು ಇಲ್ಲ ಎಂದು ಆ ಹುಡುಗಿ ಮೊದಲೇ ಹೇಳಿದ್ದಳು.

ಅಣ್ಣನನ್ನು ಹೆಚ್ಚು ಕುಗ್ಗಿಸಿದ್ದು ಕೂಲಿ ತಪ್ಪಿದ್ದಲ್ಲ. 2023ರ ರಂಝಾನ್‌ಗೆ ಮುಂಚೆ ನೆರೆಮನೆಯ ಹಿರಿಯರೊಬ್ಬರು ತೀರಿಹೋದರು. ಅಣ್ಣನಿಗೆ ಏಣಿ ಹತ್ತಲು ಕಲಿಸಿದವರು. ಜನಾಝ ಎತ್ತುವಾಗ ಅಣ್ಣ ಮುಂದೆ ಹೋದರು. ಯಾರೋ ಪ್ರೀತಿಯಿಂದಲೇ, 'ನೀವು ಬೇಡ ಕಾಕಾ' ಎಂದು ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಆ ಮಾತಿನಲ್ಲಿ ಕೇಡಿರಲಿಲ್ಲ. ಅದು ವೈದ್ಯಕೀಯವಾಗಿ ಸರಿಯಾದ ಮಾತೂ ಹೌದು. ಆದರೆ ಗುರುವಿನ ಸಂದೂಕಕ್ಕೆ ಹೆಗಲು ಕೊಡಲಾಗದವನು ಎಂಬ ಭಾವ ಅವರೊಳಗೆ ಕೂತಿತು. ಅದಾದ ಮೇಲೆ ಮಸೀದಿಗೆ ಹೋಗುವುದನ್ನೂ ಕಡಿಮೆ ಮಾಡಿದರು. ತಕ್ಬೀರ್‌ಗೆ ಎಲ್ಲರ ಎರಡೂ ಕೈಗಳು ಏಳುವಾಗ ತಮ್ಮದೊಂದು ಕೈ ಅರ್ಧದಲ್ಲಿ ನಿಲ್ಲುವುದು, ಸಲಾಂ ಹೇಳುವಾಗ ಕತ್ತು ಪೂರ್ತಿ ತಿರುಗದಿರುವುದು ಅವರಿಗೆ ನಾಚಿಕೆಯ ವಿಷಯವಾಗಿತ್ತು.

ಇದನ್ನು ಬಿಡಿಸಿದವರು ನಮ್ಮ ಮಸೀದಿಯ ಉಸ್ತಾದರು. ತಕ್ಬೀರ್‌ನಲ್ಲಿ ಕೈ ಎತ್ತುವುದು ಸುನ್ನತ್, ಎತ್ತಲಾಗದಿದ್ದರೆ ನಮಾಝ್ ಕೆಡುವುದಿಲ್ಲ, ನಿಲ್ಲಲಾಗದವನಿಗೆ ಕೂತು ಮಾಡಲು, ಕೂರಲಾಗದವನಿಗೆ ಮಲಗಿ ಮಾಡಲು ಅನುಮತಿ ಕೊಟ್ಟ ಧರ್ಮ ನಿನ್ನ ಅರ್ಧ ಎದ್ದ ಕೈಯನ್ನು ತಿರಸ್ಕರಿಸುತ್ತದೆಯೇ ಎಂದು ಮನೆಗೇ ಬಂದು ಕೇಳಿದರು. ಅಪರಿಚಿತ ಹೆಣ್ಣುಮಗಳಿಂದ ಹೆಗಲಿಗೆ ಚಿಕಿತ್ಸೆ ಮಾಡಿಸಿಕೊಳ್ಳಬಹುದೇ ಎಂಬ ಇನ್ನೊಂದು ಸಂಕೋಚವನ್ನೂ, ಚಿಕಿತ್ಸೆಯ ಅಗತ್ಯ ಬೇರೆ ಎಂದು ಅವರೇ ಪರಿಹರಿಸಿದರು. ಅಣ್ಣ ಮತ್ತೆ ಸಾಲಿಗೆ ಬಂದರು. ನಾವು ಶಾಫಿ ಕ್ರಮದವರು. ನಮ್ಮಲ್ಲಿ ಆರಂಭದ ತಕ್ಬೀರ್‌ಗಷ್ಟೇ ಅಲ್ಲ, ರುಕೂಗೆ ಹೋಗುವಾಗ, ಅದರಿಂದ ಏಳುವಾಗ, ಮೊದಲ ಅತ್ತಹಿಯ್ಯಾತ್‌ನಿಂದ ಎದ್ದಾಗಲೂ ಕೈ ಎತ್ತುತ್ತೇವೆ. ಐದು ಹೊತ್ತಿನ ಫರ್ಝ್ ನಮಾಝ್‌ನಲ್ಲಿ ಮಾತ್ರ ಇದು ದಿನಕ್ಕೆ 43 ಬಾರಿ ಆಗುತ್ತದೆ ಎಂದು ಅಣ್ಣನ ಮಗಳು ಲೆಕ್ಕ ಹಾಕಿ ತೋರಿಸಿದಳು. ನಮಾಝ್ ವ್ಯಾಯಾಮವಲ್ಲ, ಅದನ್ನು ವ್ಯಾಯಾಮ ಎಂದು ಹೊಗಳುವವರನ್ನು ಕಂಡರೆ ನಮಗೆ ಕಸಿವಿಸಿಯಾಗುತ್ತದೆ. ಆದರೆ ದಿನಕ್ಕೆ 43 ಬಾರಿ ಆ ಕೈಯನ್ನು ಮರೆಯದಂತೆ ನೆನಪಿಸಲು ಬೇರೆ ಯಾವ ಗಡಿಯಾರವೂ ನಮ್ಮ ಮನೆಯಲ್ಲಿರಲಿಲ್ಲ.

ಇಷ್ಟೆಲ್ಲ ಹೇಳುವಾಗ ಹೆಂಗಸರ ಹೆಗಲನ್ನು ಮರೆಯುವಂತಿಲ್ಲ. ತೋಟದ ಲೈನ್ ಮನೆಗಳಲ್ಲಿ ಎಲೆಅಡಿಕೆ, ಹೊಗೆಸೊಪ್ಪು ಜಗಿಯುವ ಹೆಂಗಸರು ಕಡಿಮೆಯಿಲ್ಲ. ಅವರಿಗೂ ಇದೇ ಆಪರೇಷನ್ ಆಗುತ್ತದೆ. ತಲೆ ಬಾಚುವುದು, ಬಟ್ಟೆ ಒಣಹಾಕುವುದು, ಅಟ್ಟದ ಮೇಲಿನ ಪಾತ್ರೆ ಇಳಿಸುವುದು, ಮಗುವನ್ನು ಎತ್ತಿಕೊಳ್ಳುವುದು ಎಲ್ಲವೂ ಹೆಗಲ ಮಟ್ಟಕ್ಕಿಂತ ಮೇಲಿನ ಕೆಲಸಗಳೇ. ಇಳಿದ ಹೆಗಲನ್ನು ಸೆರಗು, ದುಪಟ್ಟಾ ಮುಚ್ಚಿಬಿಡುತ್ತದೆ. ಮೆಣಸು ಕೊಯ್ಯಲು ಆಗದ ಗಂಡಸಿನ ಬಗ್ಗೆ ಊರು ವಿಚಾರಿಸುತ್ತದೆ. ತನ್ನ ಕೂದಲನ್ನು ತಾನೇ ಕಟ್ಟಿಕೊಳ್ಳಲಾಗದ ಹೆಂಗಸಿನ ಬಗ್ಗೆ ಮನೆಯೊಳಗೂ ಮಾತಿರುವುದಿಲ್ಲ. ಅವಳನ್ನು ಆಸ್ಪತ್ರೆಗೆ ಕರೆದೊಯ್ದವರೂ ಹೆಗಲಿನ ವ್ಯಾಯಾಮಕ್ಕೆಂದು ವಾರಕ್ಕೊಮ್ಮೆ ಬಸ್ಸು ಹತ್ತಿಸುವುದಿಲ್ಲ.

ಖರ್ಚಿನ ವಿಷಯವೂ ಹೀಗೇ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯ ನೆರವಿದೆ. ನಮ್ಮಂಥವರಿಗೆ ಅದು ಉಪಕಾರವೇ ಆಗಿದೆ. ಆದರೆ ಆಮೇಲಿನ ಬಸ್ ಚಾರ್ಜು, ಜೊತೆಗೆ ಹೋದವನ ಅರ್ಧ ದಿನದ ಕೂಲಿ, ವಾರವಾರದ ಫೀಸು ಮನೆಯವರದ್ದೇ. ಫಿಸಿಯೋಥೆರಪಿಯ ಹುಡುಗಿ ಅದನ್ನು ಅರಿತು ತಿಂಗಳಿಗೊಮ್ಮೆ ಬನ್ನಿ, ಉಳಿದದ್ದು ಮನೆಯಲ್ಲೇ ಆಗಲಿ ಎಂದಳು. ಹಾಗೆ ಹೇಳಿದ್ದರಿಂದಲೇ ಅದು ಮುಂದುವರಿಯಿತು.

ಈಗ ಅಣ್ಣನ ಬಲಗೈ ಕಿವಿಯನ್ನು ದಾಟಿ ಏಳುತ್ತದೆ. ಗೋಡೆಯ 'ಗರಿಷ್ಠ'ಕ್ಕೆ ಇನ್ನೂ ನಾಲ್ಕು ಬೆರಳು ಬಾಕಿ. ಅದು ಬಾಕಿಯಾಗಿಯೇ ಉಳಿಯಬಹುದು ಎಂದು ಅವರಿಗೂ ಗೊತ್ತು. ಏಣಿ ಹತ್ತುವುದನ್ನು ಬಿಟ್ಟಿದ್ದಾರೆ. ಮೆಣಸಿನ ಕಾಲದಲ್ಲಿ ಕಣದಲ್ಲಿ ತೂಕ ಬರೆಯುತ್ತಾರೆ, ಒಣಗಲು ಹರಡಿದ ಮೆಣಸನ್ನು ಎಡಗೈಯಿಂದ ಕೈಯಾಡಿಸುತ್ತಾರೆ. ಮೊದಲಿನ ಕೂಲಿ ಇಲ್ಲ. ಅಡಿಕೆಯ ಪೊಟ್ಟಣ ಮನೆಯೊಳಗೆ ಬರುವುದಿಲ್ಲ.

ನಮಗನಿಸುವುದು ಇಷ್ಟೇ. ಕತ್ತಿನ ಆಪರೇಷನ್ ಆದವರನ್ನು ಮನೆಗೆ ಕಳಿಸುವ ದಿನ ಮೂರು ಮಾತು ಹೇಳಿದರೆ ಸಾಕು. ಹೆಗಲು ನೋಯಬಹುದು, ಅದು ಸಾಮಾನ್ಯವಾಗಿ ನರದಿಂದ ಬರುವ ನೋವು, ಹೊಸ ನೋವಾದರೆ ಒಮ್ಮೆ ತೋರಿಸಿ ಖಚಿತಪಡಿಸಿಕೊಳ್ಳಿ. ಗಾಯ ಮಾಗಿದ ಕೂಡಲೇ ವೈದ್ಯರನ್ನು ಕೇಳಿ ವ್ಯಾಯಾಮ ಶುರುಮಾಡಿ. ಕೈಯನ್ನು ಕಟ್ಟಿಡಬೇಡಿ, ಎಳೆಸಲೂ ಬೇಡಿ. ಇದನ್ನು ಹೇಳಲು ದೊಡ್ಡ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಕನ್ನಡದಲ್ಲಿ ಅಚ್ಚುಮಾಡಿದ ಒಂದು ಹಾಳೆ ಸಾಕು. ತಾಲೂಕು ಆಸ್ಪತ್ರೆಯ ಮಟ್ಟದಲ್ಲಿ ಇದನ್ನು ತಿಳಿದ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದರೆ ಇನ್ನೂ ಒಳ್ಳೆಯದು.

ಅಂಥ ಹಾಳೆಯೊಂದನ್ನು ಅಣ್ಣನ ಮಗಳು ತಾನೇ ಬರೆದಿದ್ದಾಳೆ. ರಾಟೆ, ಕೋಲು, ಗೋಡೆ ಎಲ್ಲದರ ಚಿತ್ರವನ್ನೂ ಬಿಡಿಸಿದ್ದಾಳೆ. ಫಿಸಿಯೋಥೆರಪಿಯ ಹುಡುಗಿ ಅದನ್ನು ತಿದ್ದಿ, ನಿಮ್ಮ ವೈದ್ಯರನ್ನು ಕೇಳಿಯೇ ಮಾಡಿ ಎಂದು ಕೆಳಗೆ ಸೇರಿಸಿದಳು. ಇದುವರೆಗೆ ಅದರ ಆರು ಜೆರಾಕ್ಸ್ ಪ್ರತಿಗಳು ಹೋಗಿವೆ. ಒಂದು ಸುಂಟಿಕೊಪ್ಪಕ್ಕೆ, ಒಂದು ಪಿರಿಯಾಪಟ್ಟಣಕ್ಕೆ, ಎರಡು ನಮ್ಮೂರಿನ ಲೈನ್ ಮನೆಗಳಿಗೆ. ಉಳಿದ ಎರಡನ್ನು ಯಾರು ಒಯ್ದರೆಂದು ನಮಗೆ ತಿಳಿಯದು, ಮಸೀದಿಯ ಕಿಟಕಿಯಲ್ಲಿ ಇಟ್ಟಿದ್ದೆವು.